ಎದೆಯ ಮೇಲಿನ ಎರಡು ದಾರ

ನಮ್ಮ ಮನೆಯವರ ಎದೆಯ ಮೇಲೆ ಎರಡು ದಾರ ಇದ್ದವು. ಒಂದರಲ್ಲಿ ಲಿಂಗ, ಇನ್ನೊಂದರಲ್ಲಿ ಹಿತ್ತಾಳೆಯ ಸೀಟಿ. ಸ್ನಾನಕ್ಕೆ ಕುಳಿತಾಗಲೂ ಎರಡನ್ನೂ ತೆಗೆಯುತ್ತಿರಲಿಲ್ಲ. ಸೀಟಿ ತಾಗಿ ತಾಗಿ ಎದೆಯ ಎಡಗಡೆ ಹಸಿರು ಕಲೆಯೊಂದು ಕೂತಿತ್ತು. ನಾನು ಸೀಗೆಪುಡಿ ಹಚ್ಚಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮದುವೆಯಾದ ಮೊದಲ ವರ್ಷದಿಂದಲೇ ನನಗೆ ಆ ಕಲೆಯ ಮೇಲೆ ಹೊಟ್ಟೆಕಿಚ್ಚು.

ಅವರು ಹೊಸಪೇಟೆಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಫುಟ್‌ಬಾಲ್ ತಂಡ ಕಟ್ಟಿ ಹದಿನೆಂಟು ವರ್ಷ ನಡೆಸಿದರು. ಬಳ್ಳಾರಿಯ ಜಿಲ್ಲಾ ಪಂದ್ಯದ ಕಪ್ಪು ಒಮ್ಮೆಯೂ ನಮ್ಮೂರಿಗೆ ಬರಲಿಲ್ಲ. ಹುಡುಗರಿಗೆ ಬೂಟು ಇರಲಿಲ್ಲ. ಬರಿಗಾಲಲ್ಲಿ ಆಡಿ, ಚಿತ್ತವಾಡ್ಗಿಯ ನಮ್ಮ ಮನೆಗೆ ಬರುವರು. ಇವರು ಕಟ್ಟೆಯ ಮೇಲೆ ಕುಳಿತು ಒಬ್ಬೊಬ್ಬರ ಪಾದವನ್ನೂ ತೊಡೆಯ ಮೇಲಿಟ್ಟುಕೊಂಡು ಪಿನ್ನಿನಿಂದ ಮುಳ್ಳು ತೆಗೆಯುವರು. ನಾನು ಶೇಂಗಾ, ಬೆಲ್ಲ ತಂದಿಡಬೇಕು. "ಒದಿಯೋದು ಕತ್ತೆಗೂ ಬರ್ತೈತಿ, ಪಕ್ಕದವ್ಗ ಕೊಡೋದು ಕಲೀರಿ" ಎಂದು ಅವರಿಗೆ ದಿನಾ ಪಾಠ. ಆ ಕೊಡುವುದೆಲ್ಲ ಮನೆಯೊಳಗೆ ಬರುವಷ್ಟರಲ್ಲಿ ಮುಗಿದಿರುತ್ತಿತ್ತು.

ಒಮ್ಮೆ ನನ್ನ ಹಿಮ್ಮಡಿಗೂ ಜಾಲಿಮುಳ್ಳು ಹೊಕ್ಕಿತು. ತೆಗೆದುಕೊಳ್ಳದೆ ಎರಡು ದಿನ ಅವರೆದುರೇ ಕುಂಟಿದೆ. ಮೂರನೆಯ ದಿನ ತಲೆಯೆತ್ತಿ ನೋಡಿ, "ಎಡಗಾಲು ಊರವಲ್ಲಿ. ಎಡಗಡೆ ಆಡಾಕ ನಿನ್ನ ಹಾಕಂಗಿಲ್ಲ ಬಿಡು" ಎಂದರು. ಆಮೇಲೆ ನಕ್ಕು ಪಿನ್ನು ತಂದರು. ನಾನು ನಗಲಿಲ್ಲ. ಮುಳ್ಳು ಬಂದ ಮೇಲೂ ಪಾದ ಮಾತ್ರ ಅವರ ತೊಡೆಯಿಂದ ತೆಗೆಯಲಿಲ್ಲ.

ಚೆಂಡಿಗೆ ಬೇರೆಯೇ ಮರ್ಯಾದೆ. ನಮ್ಮತ್ತೆ "ತೊಗಲು ಹೊಸ್ತಿಲ ದಾಟಬಾರದಪಾ" ಎಂದಿದ್ದರಿಂದ ಅದು ಕೊಟ್ಟಿಗೆಯ ಗೂಟದಲ್ಲಿ ತೂಗುತ್ತಿತ್ತು. ವಾರಕ್ಕೊಮ್ಮೆ ಅದಕ್ಕೆ ಹರಳೆಣ್ಣೆ. ಒಳಗಿನ ಬ್ಲಾಡರಿಗೆ ಗಾಳಿ ತುಂಬಿ, ಬಾಯಿ ಕಟ್ಟಿ, ಮೇಲಿನ ತೊಗಲಿಗೆ ದಬ್ಬಣದಿಂದ ಲಾಡಿ ಹಾಕಿ ಬಿಗಿಯಬೇಕು. ಅವರ ಬಲಗೈ ಹೆಬ್ಬೆರಳು ಹಿಂದೆಂದೋ ಮುರಿದು ಸೆಟೆದಿತ್ತು. ಹಾಗಾಗಿ ಬಿಗಿಯುವ ಕೆಲಸ ನನ್ನ ಪಾಲಿಗೆ ಬಂತು.

ಏಳು ತಿಂಗಳ ಬಸುರಿಯಾದಾಗ ನನ್ನ ಕುಬಸಕ್ಕೆ, ಉಡಿ ತುಂಬುವ ಶಾಸ್ತ್ರಕ್ಕೆ, ದಿನ ಗೊತ್ತುಮಾಡಿದರು. ಸಂಡೂರಿನ ಪಂದ್ಯವೂ ಅದೇ ದಿನ ಬಿತ್ತು. ಗೆದ್ದರೆ ಬಳ್ಳಾರಿಗೆ ಹೋಗುವುದಿತ್ತು.

"ಮಣೆ ಮ್ಯಾಲ ನಾ ಒಬ್ಬಾಕಿನ ಕುಂದರ್ಲೇನ್ರಿ?" ಎಂದೆ.

"ಮುತ್ತೈದೇರು ಇರ್ತಾರಲ್ಲ. ಸಂಜೀಕ ಬಂದಬಿಡ್ತೀನಿ."

"ಒಂದಿನ ನೀವಿಲ್ದ ಅವ್ರು ಆಡಂಗಿಲ್ಲೇನು?"

"ಆಡ್ತಾರ. ನನಗ ಅವ್ರನ್ನ ಬಿಟ್ಟಿರಾಕ ಆಗಂಗಿಲ್ಲ" ಎಂದರು. ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ.

ಅಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಚೆಂಡು ಬಿಗಿಯುವಾಗ ದಬ್ಬಣವನ್ನು ಒಳಕ್ಕೆ ಒತ್ತಿದೆ. ಹೊರಡುವ ಹೊತ್ತಿಗೆ ಚೆಂಡು ಚಪ್ಪಟೆಯಾದರೆ ಇವರೂ ಉಳಿದಾರು ಎಂಬ ಆಸೆ. ತೂತು ಸಣ್ಣದಾಯಿತು. ಚೆಂಡು ಗಟ್ಟಿಯಾಗಿಯೇ ಮೋಟಾರು ಹತ್ತಿ, ಸಂಡೂರು ಮುಟ್ಟುವಷ್ಟರಲ್ಲಿ ಸೊರಗಿತು. ಬೇರೆ ಬ್ಲಾಡರ್ ಇರಲಿಲ್ಲ. ಅರ್ಧ ಆಟ ನಮ್ಮ ಚೆಂಡು, ಅರ್ಧ ಸಂಡೂರಿನವರದು ಎಂದು ಮಾತಾಗಿತ್ತಂತೆ. ಆಟವೆಲ್ಲ ಅವರದರಲ್ಲೇ ಆಡಬೇಕಾಯಿತು. ಎಣ್ಣೆ ಕಾಣದ ಆ ಕಲ್ಲಿನಂಥ ಚೆಂಡು ಒದ್ದು ಹುಡುಗರ ಕಾಲ್ಬೆರಳು ಬಾತುಕೊಂಡವು. ಒಂದು ಗೋಲಿನಿಂದ ಸೋತರು.

ಹಸಿರು ಸೀರೆಯುಟ್ಟು, ಪಕ್ಕದ ಖಾಲಿ ಮಣೆ ನೋಡುತ್ತ ಕುಳಿತಿದ್ದ ನನಗೆ ಇದೆಲ್ಲ ತಿಳಿದದ್ದು ಸಂಜೆ. ತಂಡದ ನಾಯಕ ಬಾಗಿಲಲ್ಲೇ ನಿಂತು, "ಬ್ಲಾಡರ್ ಚುಚ್ಚಿದವ್ರು ಯಾರ್ರಿ ಮಾಸ್ತರ್ರ?" ಎಂದು ಕೇಳಿದ.

"ನಾನಪಾ. ಈ ಬೆಟ್ಟು ಕೆಲಸಕ್ಕ ಬಾರದ್ದು" ಎಂದು ಇವರು ಹೆಬ್ಬೆರಳು ತೋರಿಸಿದರು.

ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮರುದಿನ ಕಮ್ಮಾರನ ಹತ್ತಿರ ದಬ್ಬಣದ ಮೊನೆ ತೇಯಿಸಿ ಮೊಂಡು ಮಾಡಿಸಿಕೊಂಡು ಬಂದು, ಚೆಂಡಿನ ಜೊತೆ ನನ್ನ ಕೈಗೇ ಕೊಟ್ಟರು. "ಇನ್ನ ಚುಚ್ಚಂಗಿಲ್ಲ. ಬಿಗಿ." ಅಷ್ಟೇ. ಮಗಳು ಹುಟ್ಟಿದಳು, ಬೆಳೆದಳು. ಅವರ ಕೊನೆಯ ಪಂದ್ಯದವರೆಗೂ ಚೆಂಡು ಬಿಗಿದವಳು ನಾನೇ. ತಪ್ಪನ್ನು ಮಾತ್ರ ಅವರೆದುರು ಒಪ್ಪಿಕೊಳ್ಳಲಿಲ್ಲ.

ಕಳೆದ ಮಾಘದಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ವಿಭೂತಿ ಹಚ್ಚಿ ಕೂರಿಸಿದ್ದರು. ಅಂಗಳದ ತುಂಬ ಅವರ ಹುಡುಗರು, ಮೀಸೆ ಬಂದವರು, ಮಕ್ಕಳೊಂದಿಗರು. ನಾನು ಪಕ್ಕದಲ್ಲಿ ಕೂರಲು ಆ ಹುಡುಗರನ್ನು ಸರಿಸಿಕೊಂಡು ಹೋಗಬೇಕಾಯಿತು. ಆ ನಾಯಕ ಈಗ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ನನ್ನ ಕಡೆ ಬಗ್ಗಿ, "ಅಮ್ಮಾರ, ಸೀಟಿ ಕೊರಳಾಗ ಇರ್ಲಿ. ಸಮಾಧಿಯೊಳಗ ಅವರ ಜೋಡಿ ಹೋಗ್ಲಿ" ಎಂದ.

"ಲಿಂಗ ಹೋಗ್ಲಿ. ಅದು ಬ್ಯಾಡ."

"ಮಾಸ್ತರ್ರಿಗೆ ಅದಂದ್ರ ಜೀವ ಇತ್ರಿ."

"ಅದಕ್ಕ ಬ್ಯಾಡ. ನಾ ಇಲ್ಲೇ ಉಳೀತೀನಿ, ಅದೂ ಉಳೀಲಿ."

ದಾರ ನಾನೇ ಬಿಚ್ಚಿದೆ. ಹಸಿರು ಕಲೆ ಹಾಗೇ ಇತ್ತು. ಅದನ್ನು ನೋಡುತ್ತಲೇ ಅವನಿಗೆ ಹೇಳಿದೆ: "ಅವತ್ತು ಬ್ಲಾಡರ್ ಚುಚ್ಚಿದಾಕಿ ನಾನಪಾ."

"ಅವತ್ತೇ ಗೊತ್ತಾತ್ರಿ ಅಮ್ಮಾರ. ಮಾಸ್ತರ್ರು ಆ ಬೆಟ್ಟಿನಿಂದ ಒಂದಿನನಾರ ಚೆಂಡು ಬಿಗಿದಿದ್ರೇನು?"

ತಾಳಿ ತೆಗೆದ ಮೇಲೆ ನನ್ನ ಕೊರಳಲ್ಲಿ ಲಿಂಗದ ದಾರ ಒಂದೇ ಉಳಿಯಬೇಕಿತ್ತು. ಎರಡಿವೆ. ಸೀಟಿಯನ್ನು ಈವರೆಗೆ ಊದಿಲ್ಲ. ಊದಿದರೆ ಆ ಹುಡುಗರೆಲ್ಲ ಓಡಿ ಬಂದಾರು. ಅವರ ಪಾಲು ಅವರಿಗೆ ಆಗಲೇ ಸಂದಿದೆ.