ಗಾಳಿ ತಿನ್ನುವ ಕಾರು

ನನ್ನ ಬೈಸಿಕಲ್ಲಿನ ಚೈನು ಕಳಚಿದರೆ ಈಗಲೂ ಅದನ್ನು ನಾನೇ ಹಾಕಿಕೊಳ್ಳಲಾರೆ. ತಿಳಿದವರು ಯಾರಾದರೂ ಆ ದಾರಿಯಾಗಿ ಬರುವವರೆಗೆ, ಪೈರು ಪರೀಕ್ಷೆ ಮಾಡುವವನಂತೆ ಗದ್ದೆಯ ಬದುವಿನ ಮೇಲೆ ನಿಂತುಬಿಡುತ್ತೇನೆ. ನಮ್ಮೂರು ಕೊತ್ತತ್ತಿಯ ಸುತ್ತಮುತ್ತ ನನಗೆ ಒಳ್ಳೆಯ ಬೇಸಾಯಗಾರನೆಂಬ ಹೆಸರೇನಾದರೂ ಇದ್ದರೆ ಅದಕ್ಕೆ ಆ ಚೈನೇ ಕಾರಣ. ಇಂಥ ನಾನು, ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ನಮ್ಮ ದನದ ಕೊಟ್ಟಿಗೆಯಲ್ಲಿ ಒಂದು ಕಾರು ಕಟ್ಟಿದೆ. ಅದೂ ಸಾಧಾರಣ ಕಾರಲ್ಲ, ರೇಸಿನ ಕಾರು.

ಹುಚ್ಚು ಹತ್ತಿದ್ದು ಮಂಡ್ಯದ ಕ್ಷೌರದಂಗಡಿಯಲ್ಲಿ. ಅರ್ಧ ಗಡ್ಡ ಕೆರೆಸಿಕೊಂಡು ಕೂತಿದ್ದಾಗ ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಉದ್ದ ಮೂತಿಯ ಕಾರೊಂದರ ಚಿತ್ರ ಕಂಡೆ. ಅದಕ್ಕೆ ‘ಸೂಪರ್‌ಚಾರ್ಜರ್’ ಎಂಬ ಅಂಗವೊಂದಿದೆಯೆಂದು ಕೆಳಗೆ ಬರೆದಿತ್ತು. ನಾನು ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್‌ವರೆಗೆ ಓದಿದವನು. ಅಲ್ಲಿಂದಾಚೆಗೆ ಓದೇ ನನ್ನನ್ನು ಬಿಟ್ಟಿತು. ಹಾಗಾಗಿ ಅರ್ಧ ತಿಳಿದದ್ದನ್ನು ಪೂರ್ತಿ ತಿಳಿದವನಂತೆ ಹೇಳುವುದು ನನಗೆ ರೂಢಿ. ಊರಿನವರನ್ನು ಕೂರಿಸಿಕೊಂಡು ವಿವರಿಸಿದೆ: ಸಾಮಾನ್ಯ ಇಂಜಿನ್ನು ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ, ಪಾಪ, ನಮ್ಮ ನಿಮ್ಮ ಹಾಗೆ. ಇದರಲ್ಲಾದರೋ ಗಾಳಿಯನ್ನು ಬಲವಂತವಾಗಿ ಒಳಕ್ಕೆ ತುರುಕುತ್ತಾರೆ. ಕಮ್ಮಾರ ತಿದಿಯೊತ್ತಿದರೆ ಕುಲುಮೆ ಧಗ್ಗೆನ್ನುವುದಿಲ್ಲವೆ, ಹಾಗೆ. ಇದೆಲ್ಲ ನಮ್ಮ ಪೂರ್ವಿಕರಿಗೆ ಗೊತ್ತಿಲ್ಲದ್ದೇನಲ್ಲ ಎಂದೂ ಸೇರಿಸಿದೆ. ಮನ್ಮಥನ ರಥ ಯಾವುದು? ಮಲಯಮಾರುತ. ಗಾಳಿಯ ಬಲದಿಂದ ಓಡುವ ರಥ! ಆ ರಥವೇರಿ ಹೋದವನು ಕೊನೆಗೆ ಬೂದಿಯಾದ ಎಂಬುದನ್ನು ಮಾತ್ರ ಯಾಕೋ ಹೇಳಲಿಲ್ಲ.

ಹುಚ್ಚು ಒಬ್ಬನಿಗೇ ಹಿಡಿದರೆ ಬೇಗ ಬಿಡುತ್ತದೆ. ಜೊತೆ ಸಿಕ್ಕಿದರೆ ಬೇರು ಬಿಡುತ್ತದೆ. ನನಗೆ ರಹಮಾನ್ ಸಾಬರು ಸಿಕ್ಕಿದರು. ಮಂಡ್ಯದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರು. “ಲಾರಿ ಕೆಲಸ ಹೊಟ್ಟೆಗೆ ಸ್ವಾಮಿ, ಇದು ದಿಲ್‌ಗೆ” ಎಂದು ಎದೆ ಮುಟ್ಟಿಕೊಂಡರು. ಜಂಬದಲ್ಲಿ ನಾನು ಸೇರಾದರೆ ಅವರು ಸವ್ವಾಸೇರು. ಇಬ್ಬರೂ ಬೆಂಗಳೂರಿಗೆ ಹೋಗಿ, ಮಿಲಿಟರಿಯವರು ಹರಾಜು ಹಾಕಿದ ಗುಜರಿಯಿಂದ ಆ ಗಾಳಿಯಂತ್ರವನ್ನೂ ಯಾವುದೋ ಗಾಡಿಯ ಅಸ್ಥಿಪಂಜರವನ್ನೂ ಹೊತ್ತು ತಂದೆವು. ಕೊಟ್ಟಿಗೆಯಲ್ಲಿದ್ದ ಎತ್ತುಗಳು ಹೊಂಗೆಮರದ ಕೆಳಕ್ಕೆ ಹೋದವು.

ಆಗ ನನ್ನ ಹೆಂಡತಿ ತಾಯಮ್ಮ ತುಂಬಿದ ಬಸುರಿ. ಮಳವಳ್ಳಿ ಕಡೆಯ ಬಂಡೂರು ಅವಳ ತವರು. ಹೆರಿಗೆಗೆ ಹೊರಟವಳು ಗಾಡಿ ಹತ್ತುವ ಮುಂಚೆ, “ನಾ ಬರೋ ಒತ್ಗೆ ಎತ್ತು ಕೊಟ್ಗೇಲಿರ್ಬೇಕು” ಎಂದಳು. ನಾನು ಎದೆಯುಬ್ಬಿಸಿ, “ನಿನ್ನ ಈ ಕಾರಲ್ಲೇ ಕರ್ಕೊಂಡ್ ಬತ್ತೀನಿ ಕಣಮ್ಮಿ” ಎಂದೆ. ಗಂಡಸರ ಕಷ್ಟಗಳೆಲ್ಲ ಹೀಗೆ ಎದೆಯುಬ್ಬಿಸಿ ಆಡಿದ ಮಾತಿನಿಂದಲೇ ಶುರುವಾಗುವುದು.

ಹೆಣ್ಣುಮಗು ಹುಟ್ಟಿತು. ಬಾಣಂತಿಯನ್ನು ಮನೆಗೆ ಕರೆತರುವುದು ನಮ್ಮಲ್ಲಿ ಬೆಸ ತಿಂಗಳಲ್ಲಿ: ಮೂರಕ್ಕೆ, ತಪ್ಪಿದರೆ ಐದಕ್ಕೆ. ಮೂರನೆಯ ತಿಂಗಳಲ್ಲಿ ನನ್ನ ಇಂಜಿನ್ನು ಮಂಕರಿ ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ಮಲಗಿತ್ತು. ಎತ್ತಿನ ಗಾಡಿ ಕಟ್ಟಿಕೊಂಡು ಹೋಗಬಹುದಿತ್ತು. ಆಡಿದ ಮಾತು ಅಡ್ಡ ನಿಂತಿತು. ಒಂದು ದಿನ ಭಾಮೈದ ಸಂತೆಗೆ ಬಂದವನು ಹೇಳಿದ: “ಅಕ್ಕ ಯೋಳ್ಕಳುಸವ್ಳೆ ಕಣ್ ಬಾವ. ಐದ್ನೇ ತಿಂಗ್ಳಿಗೂ ಬರ್ನಿಲ್ಲ ಅಂದ್ರೆ ಆ ಕಾರ್ನೇ ಕಟ್ಕೊಂಡು ಸಂಸಾರ ಮಾಡ್ಲಿ ಅಂತ.” ತಾಯಮ್ಮ ತಮಾಷೆಗೆ ಮಾತಾಡುವವಳಲ್ಲ. ನನಗೆ ನಿಜವಾಗಿ ಭಯವಾಯಿತು. ಮಗುವಿನ ಮುಖವನ್ನು ನಾಮಕರಣದ ದಿನ ಕಂಡದ್ದಷ್ಟೇ. ಬೇರೆಯವರ ಕಂಕುಳಲ್ಲಿ ಮಕ್ಕಳನ್ನು ಕಂಡರೆ ಎಷ್ಟು ತಿಂಗಳೆಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ.

ಅಂತೂ ಐದನೆಯ ತಿಂಗಳ ಕಡೆಯ ಒಳ್ಳೆಯ ದಿನದ ಹೊತ್ತಿಗೆ ಕಾರು ಎದ್ದು ನಿಂತಿತು. ಬಂಧುಬಳಗದವರ ಪೆಟ್ರೋಲ್ ರೇಷನ್ ಕೂಪನ್ನುಗಳನ್ನೆಲ್ಲ ಬೇಡಿ ತಂದಿದ್ದೆ. ಅವ್ವ ಆರತಿ ತಟ್ಟೆ ಹಿಡಿದು ಬಂದು, ಕಾರನ್ನು ಹಿಂದೆ ಮುಂದೆ ನೋಡಿ, “ಇದ್ರ ಬಾಯಿ ಯಾವ್ದ್ಲಾ?” ಎಂದಳು. ಮುಂದುಗಡೆ ಗಾಳಿಯಂತ್ರದ ದುಂಡನೆಯ ಕಂಡಿಯನ್ನು ಹೆಮ್ಮೆಯಿಂದ ತೋರಿಸಿದೆ. “ಇಲ್ಲೇ ಕಣವ್ವ ಗಾಳಿ ತಿನ್ನೋದು.” ಅವ್ವ ಮರುಗಿದಳು. “ಬರೀ ಗಾಳಿ ತಿನ್ಕೊಂಡು ಬಂಡೂರ್‌ಗಂಟ ಓಯ್ತದಾ?” ನಾನು ನಕ್ಕು, ಪೇಟ ಸುತ್ತಿಕೊಳ್ಳಲು ಒಳಕ್ಕೆ ಹೋದೆ.

ಸಾಬರೂ ನಾನೂ ಹೊರಟೆವು. ಅದು ಓಡಿದ ಓಟವನ್ನು ಹೇಗೆ ಹೇಳಲಿ! ಮಂಡ್ಯ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಗೆಜ್ಜಲಗೆರೆಯ ಹತ್ತಿರ ನನ್ನ ಪೇಟ ಹಾರಿಹೋಯಿತು. ನಿಲ್ಲಿಸಲಿಲ್ಲ; ಓಡಿಸುವ ಭರದಲ್ಲಿ ನಿಲ್ಲಿಸುವ ಬಗ್ಗೆ ನಾವಿಬ್ಬರೂ ಅಷ್ಟಾಗಿ ಯೋಚಿಸಿರಲಿಲ್ಲ. ಮದ್ದೂರು ದಾಟಿ ಮಳವಳ್ಳಿ ರಸ್ತೆ ಹಿಡಿದಾಗ ಘಮಘಮ ಬೆಲ್ಲದ ವಾಸನೆ ಬಂತು. “ಹತ್ರದಲ್ಲೇ ಆಲೆಮನೆ ಅದೆ ಸ್ವಾಮಿ, ಪಾಕ ಬಂದದೆ” ಎಂದು ಸಾಬರು ಮೂಗರಳಿಸಿದರು. ಇನ್ನೊಂದು ಮೈಲಿ ಹೋದರೂ ಆಲೆಮನೆ ನಮ್ಮ ಜೊತೆಯಲ್ಲೇ ಬರುತ್ತಿತ್ತು. ಆಮೇಲೆ ಪಾಕ ಸೀದ ವಾಸನೆ. ಆಮೇಲೆ ಒಂದು ನರಳಾಟ. ಕಾರು ಕಬ್ಬಿನ ಗದ್ದೆಯ ಪಕ್ಕ ನಿಂತಿತು.

ಸಾಬರು ಗಾಳಿಯಂತ್ರ ಬಿಚ್ಚಿದರು. ಒಳಗಿನ ಚಕ್ರಗಳೆರಡೂ ಒಂದನ್ನೊಂದು ತಬ್ಬಿಕೊಂಡು ಅಂಟಿಹೋಗಿದ್ದವು. ಬೆರಳಲ್ಲಿ ತೆಗೆದು ನೋಡಿದೆ: ಬೆಲ್ಲ, ನಡುನಡುವೆ ನೆನೆಸಿದ ಅಕ್ಕಿ. ಹೊಸ ಎತ್ತು ಮನೆಗೆ ಬಂದರೆ ಅಕ್ಕಿಬೆಲ್ಲ ತಿನ್ನಿಸದೆ ಅವ್ವ ಯಾವತ್ತೂ ನೊಗಕ್ಕೆ ಬಿಟ್ಟವಳಲ್ಲ. ನಾನೇ ಬಾಯಿ ತೋರಿಸಿದ್ದೆ. ಅವಳು ಹೊಟ್ಟೆ ತುಂಬ ತಿನ್ನಿಸಿದ್ದಳು. ಬೈಯೋಣವೆಂದರೆ ಯಾರನ್ನು ಬೈಯಲಿ?

ಹೊತ್ತು ಏರಿತು. ಇವತ್ತು ತಪ್ಪಿದರೆ ತಾಯಮ್ಮನ ಮಾತು ನಿಜವಾಗುತ್ತದೆಂದು ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಮಳವಳ್ಳಿ ಕಡೆಯಿಂದ ಕಮಾನು ಗಾಡಿಯೊಂದು ಬಂತು. ಹೊಡೆಯುತ್ತಿದ್ದವರು ನಮ್ಮ ಮಾವ. “ಒತ್ತು ಮೀರ್ತದೆ, ಬೀಗರ ಮನೆ ಅಂತ ಬಿಗುಮಾನ ಯಾಕೆ ಅಂತ ನಾನೇ ಕರ್ಕೊಂಡ್ ಒಂಟ್ಬುಟ್ಟೆ ಕಣಪ್ಪ” ಎಂದರು. ಒಳಗಿಂದ ತಾಯಮ್ಮ ಇಳಿದಳು, ಕಂಕುಳಲ್ಲಿ ಮಗು.

ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು. ನಾನು ಬಾಯಿ ಬಿಟ್ಟೆ: ಸೂಪರ್‌ಚಾರ್ಜರ್, ತಿದಿ, ಕುಲುಮೆ, ಕುದುರೆಬಲ. ಪೂರ್ತಿ ಕೇಳಿಸಿಕೊಂಡಳು.

“ಇದ್ರಲ್ಲಿ ಎಷ್ಟ್ ಜನ ಕೂರ್ಬೋದು?”

“ಇಬ್ರು.”

“ಒಂದು ನಿಂಗೆ. ಇನ್ನೊಂದು?”

ನಾನು ರಹಮಾನ್ ಸಾಬರನ್ನು ನೋಡಿದೆ. ಅವರಿಲ್ಲದೆ ಆ ಕಾರು ಹೆಜ್ಜೆ ಕಿತ್ತಿಡುವಂತಿರಲಿಲ್ಲ. ಸಾಬರು ಕಬ್ಬಿನ ಗದ್ದೆಯನ್ನು ನೋಡಿದರು.

ತಿಂಗಳುಗಟ್ಟಲೆ ನಾನು ಗಾಳಿ ಎಲ್ಲಿಂದ ಒಳಗೆ ಬರಬೇಕು, ಹೊಗೆ ಎಲ್ಲಿಂದ ಹೊರಗೆ ಹೋಗಬೇಕು ಎಂದೆಲ್ಲ ಯೋಚಿಸಿದ್ದೆ. ಕರೆದುಕೊಂಡು ಬರಬೇಕಾದವಳು ಎಲ್ಲಿ ಕೂರಬೇಕು ಎಂಬುದು ಒಂದು ಸಲವೂ ಹೊಳೆದಿರಲಿಲ್ಲ. ನಾಚಿಕೆಯಿಂದ ನೆಲ ನೋಡಿದೆ. ತಾಯಮ್ಮ ಗಾಡಿಯ ಕಡೆ ತಿರುಗಿದಳು.

ಗಾಡಿಯೊಳಗೆ ತೊಟ್ಟಿಲು, ರಾಗಿ ಮೂಟೆ, ಬಾಣಂತಿಯ ಸಾಮಾನು, ಮಾವ ಉಡುಗೊರೆ ಕೊಟ್ಟ ಬಂಡೂರು ಕುರಿಮರಿ. ಕಾಲಿಡಲು ಜಾಗವಿರಲಿಲ್ಲ. ತಾಯಮ್ಮ ಹತ್ತಿ ಕೂತು, ಮೂಟೆಯನ್ನು ಮೊಣಕಾಲಲ್ಲಿ ನೂಕಿ, ಒಂದು ಗೇಣು ಸರಿದು, “ಬಾ, ಅತ್ಕೊ. ಸಾಬಣ್ಣ, ನೀವೂವೆ” ಎಂದಳು. ಕಾರನ್ನು ಕಬ್ಬಿನ ಗದ್ದೆಯ ಪಕ್ಕಕ್ಕೇ ಬಿಟ್ಟು ಹತ್ತಿದೆವು; ಇಬ್ಬರೂ ಹಿಡಿಸಿದೆವು. ಮಗುವನ್ನು ನನ್ನ ತೊಡೆಯ ಮೇಲೆ ಹಾಕಿದಳು. ಮಸಿ ಮೆತ್ತಿದ ನನ್ನ ಮುಖ ನೋಡಿ ಅದು ಮೊದಲು ಅತ್ತಿತು, ಆಮೇಲೆ ಗಾಡಿಯ ತೂಗಾಟಕ್ಕೆ ನನ್ನ ಹೆಬ್ಬೆರಳು ಹಿಡಿದುಕೊಂಡು ನಿದ್ದೆ ಹೋಯಿತು.

ಮಾವ ಎತ್ತುಗಳನ್ನು ಅವುಗಳ ಪಾಡಿಗೆ ಬಿಟ್ಟಿದ್ದರು. ಆದರೂ ಮದ್ದೂರು ಇಷ್ಟು ಬೇಗ ಬಂದುಬಿಟ್ಟಿತಲ್ಲ ಎಂದು ನನಗೆ ಬೇಸರವಾಯಿತು.