ಹೊಟ್ಟೆಯ ಮೇಲಿನ ಚೀಲ, ನನ್ನ ನಮಾಜು

ಮೊದಲು ರಕ್ತ ಕಂಡಾಗ ಮೂಲವ್ಯಾಧಿ ಅಂದುಕೊಂಡೆ. ಹರಿಹರದಲ್ಲಿ ನನ್ನದು ಚಿಕ್ಕ ಟೇಲರಿಂಗ್ ಅಂಗಡಿ. ಇಡೀ ದಿನ ಕೂತು ಮಾಡುವ ಕೆಲಸ, ಇದೆಲ್ಲ ಇರುವುದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆಂಡತಿ ನಸ್ರೀನ್ ಕಣ್ಣಿಗೆ ಬೀಳದಿರಲೆಂದು ನನ್ನ ಬಟ್ಟೆ ನಾನೇ ಒಗೆಯತೊಡಗಿದೆ. ಅವಳಿಗೆ ಅನುಮಾನ ಬಂದದ್ದೇ ಅದರಿಂದ.

ದಾವಣಗೆರೆಯ ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿ, ಬಯಾಪ್ಸಿ ಆಯಿತು.

ಕ್ಯಾನ್ಸರ್.

"ಕೆಳಗಿನ ದಾರಿ ಮುಚ್ಚಬೇಕಾಗುತ್ತೆ. ಮಲ ಹೋಗೋಕೆ ಹೊಟ್ಟೆ ಮೇಲೆ ಬೇರೆ ದಾರಿ ಮಾಡ್ತೀವಿ, ಅಲ್ಲಿ ಚೀಲ ಅಂಟಿಸ್ಕೋಬೇಕು. ಕೊನೇವರೆಗೂ," ಎಂದರು ಸರ್ಜನ್. ಜೀವಕ್ಕೆ ಅಪಾಯವಿಲ್ಲವಾ ಎಂದು ನಸ್ರೀನ್ ಕೇಳಿದಳು. ನನ್ನ ತಲೆಯಲ್ಲಿದ್ದದ್ದು, ಪಕ್ಕದಲ್ಲಿ ಕೂತವರಿಗೆ ವಾಸನೆ ಬರುತ್ತದೆಯೇ ಎಂಬುದಷ್ಟೇ.

ಆಪರೇಷನ್ ಆದ ಮೇಲೂ ಹೊಟ್ಟೆಯ ಮೇಲಿನ ಆ ಹೊಸ ಬಾಯಿಯನ್ನು ನಾನು ನೋಡಲಿಲ್ಲ. ನರ್ಸ್‌ಗಳು ಚೀಲ ಬದಲಿಸುವಾಗ ಗೋಡೆಯತ್ತ ಮುಖ ತಿರುಗಿಸುತ್ತಿದ್ದೆ. ಒಂದು ಮಧ್ಯಾಹ್ನ ನಸ್ರೀನ್‌ಳ ತಮ್ಮ ನೋಡಲು ಬಂದು ಕೂತಿದ್ದಾಗ ಅಂಟು ಬಿಟ್ಟು ಹಾಸಿಗೆ ಹೊಲಸಾಯಿತು. ಅವನು ಮೂಗು ಮುಚ್ಚಿಕೊಳ್ಳಲಿಲ್ಲ. ಫೋನ್ ಬಂತೆಂದು ಎದ್ದು ಹೋದ.

ಫೋನ್ ಬಂದಿರಲಿಲ್ಲ.

ಅಂದಿನಿಂದ ಊಟ ಬಿಟ್ಟೆ. ಒಳಗೆ ಹೋಗದಿದ್ದರೆ ಹೊರಗೂ ಬರುವುದಿಲ್ಲ ಎಂಬ ಲೆಕ್ಕ.

ವಾರ್ಡಿನ ನರ್ಸ್ ಶಶಿಕಲಾ ಅಂದೇ ಬೆಳಿಗ್ಗೆ ಚೀಲ ಖಾಲಿ ಮಾಡುವುದನ್ನು ಚಿತ್ರ ತೋರಿಸಿ ಹೇಳಿಕೊಟ್ಟಿದ್ದರು. ನಾನು ಹೂಂ ಅಂದಿದ್ದೆ, ಒಂದೂ ತಲೆಗೆ ಹೋಗಿರಲಿಲ್ಲ. ಮಾರನೇ ದಿನ ಮುಟ್ಟದ ತಟ್ಟೆ ನೋಡಿ, ಪರದೆ ಎಳೆದು, ಸ್ಟೂಲಿನ ಮೇಲೆ ಕೂತರು.

"ನಿನ್ನೆ ನಾನೇ ಮಾತಾಡಿದೆ, ನಿಮ್ದು ಕೇಳ್ಲೇ ಇಲ್ಲ. ಮನೀಗೆ ಹೋದ್ಮೇಲೆ ಯಾವುದು ಕಷ್ಟ ಅನ್ಸುತ್ತೆ, ಹೇಳ್ರಿ."

ಹೊದಿಕೆಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ.

"ನಮಾಜು," ಅಂದೆ. "ಇದನ್ನ ಕಟ್ಕೊಂಡು ಮೈ ಹೆಂಗೆ ಶುದ್ಧ ಆಗುತ್ತೆ ಸಿಸ್ಟರ್? ಸಾಲಿನಾಗೆ ಎಲ್ಲರೂ ಸುಮ್ನಿದ್ದಾಗ ಗಾಳಿ ಹೋಗಿ ಇದು ಸದ್ದು ಮಾಡಿದ್ರೆ?"

"ಶುದ್ಧದ ಮಾತು ನಂಗೆ ಗೊತ್ತಿಲ್ರಿ. ಅದನ್ನ ನಿಮ್ಮ ಮೌಲಾನಾರನ್ನೇ ಕೇಳ್ಬೇಕು. ನಮಾಜಿನಾಗೆ ಬಗ್ಗೋದು ಹೆಂಗೆ, ಬಾಯಲ್ಲೇ ಹೇಳ್ರಿ. ಈಗ ಬಗ್ಗೋದು ಬ್ಯಾಡ, ಹೊಲಿಗೆ ಇನ್ನೂ ಹಸಿ ಐತೆ."

ಮಂಡಿಯೂರಿ ಹಣೆ ನೆಲಕ್ಕಿಡುವುದನ್ನು ಕೈಯಲ್ಲೇ ತೋರಿಸಿದೆ. ಚೀಲ ಎಲ್ಲಿ ಒತ್ತುತ್ತದೆ ಎಂದು ಕೇಳಿದರು. ಗೊತ್ತಿರಲಿಲ್ಲ. ತಿಳಿಯಬೇಕೆಂದರೆ ನೋಡಲೇಬೇಕಿತ್ತು. ನೋಡಿದೆ. ಗುಲಾಬಿ ಬಣ್ಣ, ಒದ್ದೆ, ತುಟಿಯ ಒಳಭಾಗದ ಹಾಗೆ. ಅಳು ಬಂತು.

ಅಳು ನಿಂತ ಮೇಲೆ ಶಶಿಕಲಾ ಹೇಳಿದರು: "ಸರ್ಜನ್ ಹೇಳೋವರೆಗೂ ಕುರ್ಚಿ ಮೇಲೆ ಕೂತು ಮಾಡ್ರಿ. ಮೊದ್ಲೇ ಚೀಲ ಖಾಲಿ ಮಾಡ್ಕೊಳ್ರಿ. ಸದ್ದು ಪೂರ್ತಿ ನಿಲ್ಲಲ್ಲ, ಸುಳ್ಳು ಯಾಕ ಹೇಳ್ಲಿ. ಮೇಲೆ ಮೆಲ್ಲಗೆ ಕೈ ಇಟ್ರೆ ಕಮ್ಮಿ ಆಗುತ್ತೆ."

ಮೌಲಾನಾರನ್ನು ಕೇಳುವ ಧೈರ್ಯ ನನಗಿರಲಿಲ್ಲ. ನಸ್ರೀನ್ ಫೋನ್ ಮಾಡಿದಳು. ತಡೆಯಲಾಗದ್ದು ತಪ್ಪಲ್ಲ, ಪ್ರತಿ ಹೊತ್ತಿಗೂ ಹೊಸದಾಗಿ ಕೈಕಾಲು ಮುಖ ತೊಳೆದು ಪ್ರಾರ್ಥಿಸಲಿ ಎಂದರಂತೆ. ಅಂದು ಸಂಜೆ ಗಂಜಿ ಕುಡಿದೆ.

ಈಗ ಶುಕ್ರವಾರ ಮಸೀದಿಗೆ ಹೋಗುತ್ತೇನೆ, ಕೊನೆಯ ಸಾಲಿನ ತುದಿಯಲ್ಲಿ ಕುರ್ಚಿ. ಮೊದಲ ಸಲವೇ ಸದ್ದಾಯಿತು. ಪಕ್ಕದವರು ತಿರುಗಿ ನೋಡಿದರೋ ಇಲ್ಲವೋ, ನಾನು ಕಣ್ಣೆತ್ತಲಿಲ್ಲ. ಕಿವಿ ಕಾದುಹೋಗಿತ್ತು. ಎದ್ದು ಹೋಗಬೇಕೆನ್ನಿಸಿತು.

ಹೋಗಲಿಲ್ಲ. ಚೀಲದ ಮೇಲೆ ಕೈಯಿಟ್ಟುಕೊಂಡೇ ಪ್ರಾರ್ಥನೆ ಮುಗಿಸಿದೆ.