ಲಸಿಕೆ ಹಾಕಿಸಿಕೊಂಡ ಪಾರಿವಾಳಗಳು

ಕೌಹು ಪೇಟೆಯಲ್ಲಿ ಚಾಯ್ ಯಿನ್-ಹುವಾ ಮೀನು ಮಾರಲು ಕೂತರೆ ಅವಳ ಕೂಗು ಮೂರು ಬೀದಿಯಾಚೆಗೂ ಕೇಳುತ್ತಿತ್ತು. "ಹೂಮೀನು! ಒಂದೊಂದು ಮುಳ್ಳೂ ತೆಗೆದಿದೀನಿ, ಅತ್ತೆಗೆ ಬಡಿಸಿದ್ರೂ ಬೈಯಲ್ಲ!"

ಐವತ್ತಾರನೇ ವಯಸ್ಸಿನಲ್ಲಿ ಅವಳ ರಕ್ತದಲ್ಲಿ ಯಕೃತ್ತು ಕೆಡಿಸುವ ಹೆಪಟೈಟಿಸ್ ಸಿ ವೈರಸ್ ಸಿಕ್ಕಿತು. ಆ ಕರಾವಳಿಯಲ್ಲಿ ಅದು ಹೊಸದೇನಲ್ಲ. ಆರು ತಿಂಗಳು, ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್. ಜ್ವರ ಬರುತ್ತದೆ, ಮೈಕೈ ನೋಯುತ್ತದೆ ಎಂದು ಮೊದಲೇ ಹೇಳಿದ್ದರು; ಅದನ್ನೆಲ್ಲ ತಡೆದುಕೊಂಡಳು. ಎರಡನೇ ತಿಂಗಳಿಗೆ ಕೂಗು ನಿಂತಿತು. ಕೈಯಲ್ಲಿ ಕತ್ತಿ ಹಿಡಿದು ಮೀನನ್ನೇ ನೋಡುತ್ತ ಕೂತುಬಿಡುವಳು. ಅನ್ನ ರುಚಿಸದು. ಮೊಮ್ಮಗಳು ಹತ್ತಿರ ಬಂದರೂ ಬೇಡ.

"ಏನತ್ತಿಗೆ, ಏನು ಕಡಿಮೆ ಆಗಿದೆ ನಿನಗೆ?" ಎಂದಳು ನಾದಿನಿ ಸಿಯು-ಬಿ. "ಸೋಮಾರಿತನಕ್ಕೂ ಒಂದು ಮಿತಿ ಇರಬೇಕು."

ಯಿನ್-ಹುವಾ ಅದನ್ನು ನಂಬಿದಳು. ತನ್ನ ಮನಸ್ಸೇ ಕೊಳೆತಿದೆ ಎಂದುಕೊಂಡಳು.

ಒಂದು ಭಾನುವಾರ ಬೆಳಿಗ್ಗೆ, ಗಂಡ ಸಾಕಿದ್ದ ಪಾರಿವಾಳಗಳಿಗೆ ನೀರಿಡಲು ಮಾಳಿಗೆ ಹತ್ತಿದಳು. ದಿನಾ ಹೆಗಲ ಮೇಲೆ ಹಾರಿ ಕೂರುತ್ತಿದ್ದ ಹಕ್ಕಿಗಳು ಅಂದು ಪುಕ್ಕ ಉಬ್ಬಿಸಿ, ಕತ್ತು ಒಳಗೆಳೆದುಕೊಂಡು, ಒಂದೊಂದು ಮೂಲೆಗೆ ಒಂದೊಂದು ಕೂತಿದ್ದವು. ಜೋಳ ಹಾಗೇ ಬಿದ್ದಿತ್ತು.

"ಬನ್ರೀ ಮೇಲೆ! ಏನಾಗಿದೆ ಇವಕ್ಕೆ?"

ಗಂಡ ಗೋಅನ್-ಸಿಂಗ್ ಆಕಳಿಸುತ್ತ ಹತ್ತಿ ಬಂದ. "ಏನಿಲ್ಲ ಕಣೆ, ನಿನ್ನೆ ಲಸಿಕೆ ಹಾಕಿದ್ನಲ್ಲ. ಮೈಯೊಳಗೆ ಜಗಳ ಹತ್ತಿದೆ. ನಾಡಿದ್ದು ಹಾರ್ತಾವೆ."

"ಸೋಮಾರಿಗಳಲ್ವಾ ಇವು?"

"ಪಾರಿವಾಳಕ್ಕೆ ಯಾರಾದ್ರೂ ಸೋಮಾರಿ ಅಂತಾರೇನೆ?"

"ಮತ್ತೆ ನಿಮ್ಮ ತಂಗಿ ನನಗ್ಯಾಕೆ ಹಾಗಂದ್ಲು? ನನಗೂ ಚುಚ್ತಿದಾರಲ್ಲ!"

ಎಷ್ಟೋ ವಾರದ ಮೇಲೆ ಅವಳು ಹಾಗೆ ಕಿರುಚಿದ್ದು!

ಸೋಮವಾರ ಆಸ್ಪತ್ರೆಯಲ್ಲಿ ಪಾರಿವಾಳದ ಕಥೆಯನ್ನೂ ತನ್ನ ಕಥೆಯನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಡಾಕ್ಟರ್ ಶಿಯಾವ್ ಬರೆಯುವುದನ್ನು ನಿಲ್ಲಿಸಿದಳು.

"ಆಂಟಿ, ಸರಿಯಾಗೇ ಹಿಡಿದಿದೀರಿ. ಈ ಔಷಧಿ ವೈರಸ್ ಮೇಲೆ ಮೈಯನ್ನ ಯುದ್ಧಕ್ಕೆ ಎಬ್ಬಿಸುತ್ತೆ. ಅದರ ಬಿಸಿ ಮಿದುಳಿಗೂ ತಟ್ಟುತ್ತೆ. ತಿನ್ನಬೇಡ, ಯಾರ ಹತ್ರಾನೂ ಹೋಗಬೇಡ, ಮೂಲೆ ಸೇರು ಅನ್ನುತ್ತೆ. ಖಿನ್ನತೆ ಎಲ್ಲರಿಗೂ ಹೀಗೇ ಬರುತ್ತೆ ಅಂತಲ್ಲ. ನಿಮಗೆ ಬಂದಿರೋದು ಹೀಗೆ. ನಾನೇ ಮೊದಲು ಕೇಳಬೇಕಿತ್ತು."

"ಹಾಗಾದ್ರೆ ನಾನು ಕೆಟ್ಟಿಲ್ಲ?"

"ಇಲ್ಲ. ಇಂಜೆಕ್ಷನ್ ಬಿಡಬೇಡಿ, ಮನಸ್ಸಿಗೆ ಮಾತ್ರೆ ಕೊಡ್ತೀನಿ. ಸಾಯಬೇಕು ಅನ್ನಿಸಿದ್ರೆ ಮಾತ್ರ ಆ ಕ್ಷಣವೇ ಫೋನ್ ಮಾಡಿ."

ಹೊರಗೆ ಬೆಂಚಿನ ಮೇಲೆ ಮೀನುಕೊಳದ ಓಂಗ್ ಕೂತಿದ್ದ. ಅವನಿಗೂ ಅದೇ ಇಂಜೆಕ್ಷನ್ ನಡೆದಿತ್ತು; ಇನ್ನು ಬೇಡವೇ ಬೇಡ ಎಂದು ಹೇಳಿ ಹೋಗಲು ಬಂದಿದ್ದ. ಯಿನ್-ಹುವಾ ಎದುರಿಗೇ ನಿಂತಳು. "ಓಂಗಣ್ಣ, ಸುಮ್ಸುಮ್ನೆ ಅಳು ಬರುತ್ತಾ?"

ಓಂಗ್ ಅತ್ತಿತ್ತ ನೋಡಿ ಹೌದೆಂದು ತಲೆಯಾಡಿಸಿದ.

"ಏಳು! ಒಳಗೆ ನಡಿ! ಅದು ನೀನಲ್ಲ, ಔಷಧಿ!" ತೋಳು ಹಿಡಿದು ತಳ್ಳಿಕೊಂಡೇ ಹೋದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು, ಓಂಗ್ ಕೂಡ.

ಮಾತ್ರೆಯ ಗುಣ ಕಾಣಲು ನಾಲ್ಕು ವಾರ ಬೇಕಾಯಿತು. ಭಾರದ ದಿನಗಳು ಆಮೇಲೂ ಬಂದವು, ಆದರೆ ಅವಳು ತನ್ನನ್ನು ತಾನು ಬೈದುಕೊಳ್ಳಲಿಲ್ಲ. ಇಂಜೆಕ್ಷನ್ ಮುಗಿದು ಅರ್ಧ ವರ್ಷಕ್ಕೆ ನೋಡಿದಾಗ ಅವಳ ರಕ್ತದಲ್ಲಿ ವೈರಸ್ ಇರಲಿಲ್ಲ. ಓಂಗ್‌ನ ವೈರಸ್ ಮರಳಿತು; ಮತ್ತೊಮ್ಮೆ ಚಿಕಿತ್ಸೆಗೆ ಅವನೇ ಹೆಸರು ಬರೆಸಿದ. ಗುರುವಾರ ಗುರುವಾರ ಇಬ್ಬರೂ ಆಸ್ಪತ್ರೆಗೆ ಹೋಗಿ, ಹೊಸದಾಗಿ ಇಂಜೆಕ್ಷನ್ ಶುರು ಮಾಡುವವರ ಪಕ್ಕದಲ್ಲಿ ಕೂರತೊಡಗಿದರು.